ಮುಂದಿನ ಸಾಂಕ್ರಾಮಿಕಕ್ಕೆ ಪರ್ಫ್ಯೂಷನ್ ವಿಭಾಗವನ್ನು ಸಜ್ಜುಗೊಳಿಸುವುದು ಹೇಗೆ?

ಶಸ್ತ್ರಚಿಕಿತ್ಸೆಯ ವೇಳೆ ಹೃದಯ-ಶ್ವಾಸಕೋಶ ಯಂತ್ರವನ್ನು ನಡೆಸುವ ಪರ್ಫ್ಯೂಷನಿಸ್ಟರು, 2009ರ ಎಚ್1ಎನ್1 ಮತ್ತು 2020ರ ಕೋವಿಡ್ ಸಂದರ್ಭಗಳಲ್ಲಿ ಎಕ್ಮೋ (ರಕ್ತವನ್ನು ದೇಹದ ಹೊರಗೆ ತಂದು, ಆಮ್ಲಜನಕ ಸೇರಿಸಿ ಮರಳಿಸುವ ಯಂತ್ರ) ರೋಗಿಗಳಿಗಾಗಿ ತೀವ್ರ ನಿಗಾ ಘಟಕದಲ್ಲೂ ದುಡಿಯಬೇಕಾಯಿತು. ಕೆಲವೇ ಗಂಟೆಗಳ ಕೆಲಸ ಅಲ್ಲಿ ವಾರಗಟ್ಟಲೆಯ ಕಾವಲಾಗುವುದರಿಂದ, ಸಿದ್ಧತೆಯನ್ನು ಯಂತ್ರ ಖರೀದಿಯಿಂದಲ್ಲ, ಪಾಳಿ ಪಟ್ಟಿಯಿಂದ ಆರಂಭಿಸುವುದು ಲೇಸು.

ಐಸಿಯು ದಾದಿಯರಿಗೆ ಎಕ್ಮೋ ಸರ್ಕ್ಯೂಟಿನ, ಅಂದರೆ ರಕ್ತ ಸಾಗುವ ನಳಿಕೆ ಮತ್ತು ಉಪಕರಣಗಳ ಜೋಡಣೆಯ, ತಪಾಸಣೆಯನ್ನು ಈಗಲೇ ಕಲಿಸಿ. ಟಾರ್ಚ್ ಬೆಳಕಿನಲ್ಲಿ ಆಕ್ಸಿಜನೇಟರ್ (ರಕ್ತಕ್ಕೆ ಆಮ್ಲಜನಕ ಸೇರಿಸುವ ಭಾಗ) ಮತ್ತು ಕನೆಕ್ಟರುಗಳಲ್ಲಿ ಹೆಪ್ಪುಗಟ್ಟಿದ ಕಪ್ಪು ಕಲೆಗಳಿವೆಯೇ ಎಂದು ನೋಡಬೇಕು. ರಕ್ತದ ಹರಿವು ಬದಲಾಗದಿದ್ದರೂ ಆಕ್ಸಿಜನೇಟರಿನ ಹಿಂದು-ಮುಂದಿನ ಒತ್ತಡಗಳ ಅಂತರ ಏರುತ್ತಲೇ ಹೋದರೆ, ಒಳಗೆ ಹೆಪ್ಪು ಬೆಳೆಯುತ್ತಿದೆಯೆಂದು ಶಂಕಿಸಿ ಪರ್ಫ್ಯೂಷನಿಸ್ಟರನ್ನು ಕರೆಯಬೇಕು. ರಕ್ತ ಸುಲಭವಾಗಿ ಹೆಪ್ಪುಗಟ್ಟುವ ಕೋವಿಡ್ ರೋಗಿಗಳಲ್ಲಿ ಈ ಎಚ್ಚರ ಅತ್ಯಗತ್ಯವಾಗಿತ್ತು.

ಪಂಪ್ ಕೈಕೊಟ್ಟಾಗ ಮಾಡಬೇಕಾದುದನ್ನು, ಅಂದರೆ ರಕ್ತ ಹಿಮ್ಮುಖವಾಗಿ ಹರಿಯದಂತೆ ಮೊದಲು ನಳಿಕೆಗೆ ಕ್ಲಾಂಪ್ ಹಾಕಿ, ಪಂಪ್ ಹೆಡ್ಡನ್ನು ಕೈಯಿಂದ ತಿರುಗಿಸುವ ಹ್ಯಾಂಡ್ ಕ್ರ್ಯಾಂಕಿಗೆ ವರ್ಗಾಯಿಸಿ, ವೇಗ ಬಂದ ನಂತರವೇ ಕ್ಲಾಂಪ್ ತೆಗೆಯುವುದನ್ನು, ಪೂರ್ಣ ಪಿಪಿಇ ಧರಿಸಿಯೇ ಅಭ್ಯಾಸ ಮಾಡಿ. ಎರಡು ಜೊತೆ ಕೈಗವಸು ತೊಟ್ಟು, ಮಂಜುಗಟ್ಟಿದ ಕನ್ನಡಕದೊಳಗಿಂದ ನೋಡುತ್ತಾ ಮಾಡುವಾಗ ಇದು ಬೇರೆಯೇ ಕೆಲಸವೆನಿಸುತ್ತದೆ.

ಆಕ್ಸಿಜನೇಟರುಗಳಿಗೂ ಅವಧಿ ಮುಗಿಯುವ ದಿನಾಂಕವಿರುವುದರಿಂದ ಹಳೆಯದನ್ನು ಮೊದಲು ಬಳಸಿ. ಯಂತ್ರಗಳು ಸಾಲದಾದಾಗ ಯಾರಿಗೆ ಎಕ್ಮೋ ನೀಡಬೇಕೆಂಬ ಮಾನದಂಡವನ್ನು ವೈದ್ಯರೊಂದಿಗೆ ಕುಳಿತು ಮುಂಚಿತವಾಗಿಯೇ ಬರೆದಿಡಿ. ನಡುರಾತ್ರಿ ಆ ಹೊರೆ ಪಾಳಿಯಲ್ಲಿರುವ ಒಬ್ಬರ ಹೆಗಲಿಗೆ ಬೀಳಬಾರದು.