ಹಾಸ್ಪಿಟಲ್ ಪೋಸ್ಟಿಂಗ್ ಓಡಾಟ: ಮಡಚೋ ಸೈಕಲ್ ಹೆಂಗೆ ಕೈ ಹಿಡೀತು (ನನ್ನ ಅನುಭವ)

"ಒಂದು ತಿಂಗಳಲ್ಲಿ ಮೂಲೆ ಸೇರತ್ತೆ ನೋಡು" ಅಂತ ನಕ್ಕಿದ್ದ ಬ್ಯಾಚ್‌ಮೇಟ್ಸ್ ಈಗ ಅದೇ ಥರದ ಸೈಕಲ್ ಎಲ್ಲಿ ಸಿಗತ್ತೆ ಅಂತ ಕೇಳ್ತಿದಾರೆ, ಅದಕ್ಕೇ ಒಂದೇ ಸಲ ಬರೆದುಬಿಡ್ತೀನಿ.

ಪೋಸ್ಟಿಂಗ್ (ಮೆಡಿಕಲ್ ಓದಿನ ಭಾಗವಾಗಿ ವಾರ್ಡಲ್ಲಿ ಕಲಿಯೋ ಸರದಿ) ಇರೋ ಆಸ್ಪತ್ರೆ ಊರಿನ ಇನ್ನೊಂದು ತುದಿ. ಎರಡು ಬಸ್ಸು, ಮಧ್ಯೆ ಕಾಯೋದು, ಆಮೇಲೆ ನಡಿಗೆ, ಹೋಗೋಕೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಗಂಟೆ, ಬರೋಕೆ ಎರಡು, ಅದೂ ಎರಡನೇ ಬಸ್ ಮನಸ್ಸು ಮಾಡಿದ್ರೆ. ಲೇಟಾಗಿ ರೌಂಡ್ಸ್‌ಗೆ ನುಗ್ಗಿ, ನನ್ನ ಬೆಡ್ ಪೇಶೆಂಟ್‌ಗೆ ರಾತ್ರಿ ಜ್ವರ ಬಂದಿತ್ತಾ ಇಲ್ವಾ ಅಂತ ಗೊತ್ತಿಲ್ದೆ ನಿಲ್ಲೋದಿದ್ಯಲ್ಲ, ಅದು ನಿಮಗೇನು ಹೊಸದಲ್ಲ ಬಿಡಿ.

ಮೊದಲು ಮೂರು ಜನ ಸೇರಿ ಕ್ಯಾಬ್ ಮಾಡಿದ್ವಿ. ಕೈಖರ್ಚಿನ ಹತ್ತತ್ರ ಅರ್ಧ ಅದಕ್ಕೇ ಹೋಯ್ತು, ರೊಟೇಶನ್ ಬದಲಾಗಿ ಒಬ್ಬ ಪೀಡಿಯಾಟ್ರಿಕ್ಸ್‌ಗೆ ಒಬ್ಬಳು ಕ್ಯಾಶುವಾಲ್ಟಿಗೆ ಹೋದ್ಮೇಲೆ ಟೈಮಿಂಗೂ ಕೂಡಿಬರ್ಲಿಲ್ಲ. ಆಸ್ಪತ್ರೆ ಪಕ್ಕ ರೂಮ್ ನೋಡಿದೆ, ಪೋಸ್ಟಿಂಗ್ ಕೆಲವೇ ವಾರ, ಬಾಡಿಗೆ ಒಪ್ಪಂದ ವರ್ಷಕ್ಕೆ, ಅಲ್ಲಿಗೆ ಮುಗೀತು.

ಕೊನೆಗೆ ಮಾಡಿದ್ದು ಇಷ್ಟು: ಎರಡನೇ ಬಸ್ ಕೈಬಿಟ್ಟು, ರೈಲಲ್ಲಿ ಹೋಗಿ, ಯಾರೂ ಇಳಿಯದ ಒಂದು ಸ್ಟೇಷನ್‌ನಲ್ಲಿ ಇಳಿದು ಕೊನೇ ನಾಲ್ಕೈದು ಕಿಲೋಮೀಟರ್ ಸೈಕಲ್. 16 ಇಂಚಿನ ಗಾಲಿದು ಓಡಿಸಿ ನೋಡಿದೆ, ಗುಂಡಿ ಬಂದ್ರೆ ಹ್ಯಾಂಡಲ್ ಕೈಯಲ್ಲಿ ನಿಲ್ಲಲ್ಲ. 20 ಇಂಚಿಂದು ಸೆಕೆಂಡ್‌ಹ್ಯಾಂಡ್ ತಗೊಂಡೆ, ಸುಮಾರು 12 ಕೆಜಿ, ಕ್ಯಾಬ್‌ಗೆ ಸುರೀತಿದ್ದ ದುಡ್ಡಲ್ಲಿ ಎರಡೂವರೆ ತಿಂಗಳಿಗೆ ಅಸಲು ವಾಪಸ್. ಮಡಚಿ ಎತ್ತುವಾಗ ಚೈನ್ ಇರೋ ಮಗ್ಗಲು ಕಾಲಿಗೆ ತಾಗದ ಹಾಗೆ ಹಿಡೀರಿ, ಗ್ರೀಸ್ ಹತ್ತಿದ ಪ್ಯಾಂಟಲ್ಲಿ ಕೇಸ್ ಪ್ರೆಸೆಂಟ್ ಮಾಡೋಕಾಗಲ್ಲ. ಈಗ ಮನೆ ಬಾಗಿಲಿಂದ ವಾರ್ಡ್‌ಗೆ ಒಂದು ಗಂಟೆ ಹತ್ತು ನಿಮಿಷ ಆಸುಪಾಸು, ಟೈಮ್ ಉಳಿದಿದ್ದಕ್ಕಿಂತ ನಂಗೆ ಖುಷಿ ದಿನಾ ಅಷ್ಟೇ ಆಗತ್ತೆ ಅನ್ನೋದು. ಆಸ್ಪತ್ರೆ ಒಳಗೆ ಸೈಕಲ್ ಎಲ್ಲಿಡ್ತೀನಿ ಅಂತ ಮಾತ್ರ ಹೇಳಲ್ಲ, ಹೇಳಿದ್ರೆ ನಾಳೆ ನಂಗೇ ಜಾಗ ಇರಲ್ಲ.

ಮಧ್ಯೆ ಇನ್ನೊಂದು ಪ್ರಯೋಗ ನಡೀತು. ಬಸ್ಸಲ್ಲಿ ಓದಿದ್ರೆ ಹೊಟ್ಟೆ ತೊಳಸ್ತಿತ್ತು, ಕಣ್ಣು ಪುಟ ನಿಂತಿದೆ ಅನ್ನತ್ತೆ, ಒಳಗಿವಿ ಅಲ್ಲಾಡ್ತಿದೀವಿ ಅನ್ನತ್ತೆ, ಗೊತ್ತಿರೋದೇ. ಹಂಗಾಗಿ ನನ್ನ ದನೀಲೇ ಪ್ರಶ್ನೆ ರೆಕಾರ್ಡ್ ಮಾಡ್ದೆ: "ಕ್ಲಬ್ಬಿಂಗ್‌ಗೆ ಕಾರಣ ಹೇಳು" (ಬೆರಳ ತುದಿ ಊದಿ ಉಗುರು ದುಂಡಗಾಗೋದು), ಆಮೇಲೆ ಸುಮ್ಮನೆ ಏಳೆಂಟು ಸೆಕೆಂಡು, ಆಮೇಲೆ ಉತ್ತರ. ನಾಲ್ಕು ಸೆಕೆಂಡ್ ಇಟ್ರೆ ಯೋಚ್ನೆ ಮಾಡೋಕೆ ಮುಂಚೆ ಉತ್ತರ ಬಂದುಬಿಡತ್ತೆ. ನಾನು ಬಾಯಲ್ಲೇ ಗೊಣಗ್ತಾ "ಬ್ರಾಂಕಿಯೆಕ್ಟೇಸಿಸ್, ಎಂಪೈಯಿಮಾ" ಅಂತ ಎದೆಯ ಕಾಯಿಲೆಗಳ ಹೆಸರು ಹೇಳ್ತಿದ್ರೆ ಪಕ್ಕದವರು ಸ್ವಲ್ಪ ಸರಿದು ಕೂತ್ಕೋತಾರೆ, ಸೀಟ್ ಅಗಲ ಆಯ್ತು. ಇದು ರೈಲಲ್ಲಿ ಮಾತ್ರ, ಸೈಕಲ್ ಮೇಲೆ ಕಿವಿಗೆ ಏನೂ ಬೇಡ.

ನೈಟ್ ಡ್ಯೂಟಿ ಮುಗಿದ ಬೆಳಗ್ಗೆ ತುಳಿಯಲ್ಲ. ಸತತ 17 ಗಂಟೆ ಎಚ್ಚರ ಇದ್ರೆ ರಿಯಾಕ್ಷನ್ ರಕ್ತದಲ್ಲಿ 0.05% ಆಲ್ಕೋಹಾಲ್ ಇದ್ದಷ್ಟು ಮಂದ ಆಗತ್ತೆ. ಕಾಫಿ ಕುಡಿದು ತಕ್ಷಣ ಡ್ಯೂಟಿ ರೂಮಲ್ಲಿ 20 ನಿಮಿಷ ಮಲಗ್ತೀನಿ, ಏಳೋ ಹೊತ್ತಿಗೆ ಕೆಫೀನ್ ಕೆಲಸ ಶುರು ಮಾಡಿರತ್ತೆ, ಆಗ್ಲೂ ಸೈಕಲ್ ಮಡಚಿ ಸ್ಟೇಷನ್‌ವರೆಗೆ ಬಸ್ಸೇ.

ಜೋರು ಮಳೆಗೆ ಇನ್ನೂ ದಾರಿ ಸಿಕ್ಕಿಲ್ಲ, ಆ ದಿನ ಹಳೇ ಎರಡು ಬಸ್ಸೇ ಗತಿ. ಮತ್ತೆ, ಸೆಕೆಂಡ್‌ಹ್ಯಾಂಡ್ ತಗೊಳ್ಳೋರು ಬಣ್ಣ ನೋಡ್ಬೇಡಿ, ನಡುವಿನ ಹಿಂಜ್ (ಮಡಚೋ ಕೀಲು) ಲಾಕ್ ಹಾಕಿ ಮುಂದಿನ ಬ್ರೇಕ್ ಹಿಡ್ಕೊಂಡು ಹಿಂದೆ ಮುಂದೆ ಅಲ್ಲಾಡಿಸಿ, ಆ ಹಿಂಜಲ್ಲಿ ಟಕ್ ಅಂದ್ರೆ ಬೇಡ.