ಮೈಮೋ ಅಳೆಯುವಾಗ ನಾನು ನಂಬುವುದು ಗ್ರಾಫನ್ನು

ರೂಟರ್ ಪಕ್ಕದಲ್ಲೇ ಇಟ್ಟು ಸ್ಪೀಡ್ ನೋಡಿದರೆ ಯಾವ ಸಾಧನವೂ ಚೆನ್ನಾಗಿಯೇ ಓಡುತ್ತದೆ, ಅಲ್ವಾ? ಹಾಗಾಗಿ ಎರಡು ಆಂಟೆನಾದಿಂದ ಒಂದೇ ಸಲಕ್ಕೆ ಎರಡು ಡೇಟಾ ಹರಿವು (ಸ್ಟ್ರೀಮ್) ಕಳಿಸುವ ಮೈಮೋ ವೈಫೈ ಬೋರ್ಡ್ ಕೈಗೆ ಬಂದಾಗ ನಾನು ಸ್ಪೀಡ್ ಟೆಸ್ಟ್‌ನಿಂದ ಶುರುಮಾಡಲಿಲ್ಲ.

ಮೊದಲು ಆಂಟೆನಾ ಕಳಚಿ, ಕೇಬಲ್ ಮತ್ತು ಸಿಗ್ನಲ್ ಕುಗ್ಗಿಸುವ ಅಟೆನ್ಯುಯೇಟರ್ ಮೂಲಕ ರೇಡಿಯೋ ಒಂದನ್ನೇ ಅಳೆದೆ. 20 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ವೈಫೈ 4ರ ಎರಡು ಸ್ಟ್ರೀಮ್‌ಗೆ ಲಿಂಕ್ ರೇಟ್ ಸೆಕೆಂಡಿಗೆ 130 ಮೆಗಾಬಿಟ್. ಕೈಗೆ ಸಿಗುವ ಡೇಟಾ ಅದಕ್ಕಿಂತ ಕಡಿಮೆಯೇ. ಸಿಗ್ನಲ್ಲನ್ನು ಸ್ವಲ್ಪ ಸ್ವಲ್ಪ ಕುಗ್ಗಿಸುತ್ತಾ ಥ್ರೂಪುಟ್ (ನಿಜವಾಗಿ ದಾಟಿದ ಡೇಟಾದ ವೇಗ) ಬರೆದುಕೊಂಡು ಗ್ರಾಫ್‌ನಲ್ಲಿ ಗೆರೆ ಎಳೆದೆ. ಮುಂದಿನ ಹೋಲಿಕೆಗೆಲ್ಲ ಇದೇ ಆಧಾರ.

ಆಮೇಲೆ ಆಂಟೆನಾಗಳ ಸರದಿ. 2.4 ಗಿಗಾಹರ್ಟ್ಸ್‌ನಲ್ಲಿ ಅರ್ಧ ತರಂಗದ ಉದ್ದ ಸುಮಾರು 6 ಸೆಂ.ಮೀ. ಬೋರ್ಡ್ ಅದಕ್ಕಿಂತ ಚಿಕ್ಕದು, ಅಷ್ಟು ಹತ್ತಿರದ ಆಂಟೆನಾಗಳು ಒಂದೇ ಥರದ ಸಿಗ್ನಲ್ ಹಿಡಿಯುವ ಭಯ. ಆದರೂ ಸಿಗ್ನಲ್ ಎಷ್ಟು ವಾಪಸ್ ಬಂತು, ಪಕ್ಕದ ಆಂಟೆನಾಗೆ ಎಷ್ಟು ಸೋರಿತು ಎಂದು ತೋರಿಸುವ ಎಸ್-ಪ್ಯಾರಾಮೀಟರ್‌ನಿಂದ ಲೆಕ್ಕ ಹಾಕಿದ ಕೋರಿಲೇಶನ್ (ಎರಡೂ ಆಂಟೆನಾ ಹಿಡಿಯುವ ಸಿಗ್ನಲ್‌ಗಳ ಹೋಲಿಕೆ) ತುಂಬಾ ಕಡಿಮೆ ಬಂತು. ಖುಷಿಪಡುವಂಥದ್ದಲ್ಲ ಇದು. ಆ ಸೂತ್ರ ನಷ್ಟವಿಲ್ಲದ ಆಂಟೆನಾಗೆ ಮಾತ್ರ ಸರಿ. ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳುವ ಕೆಟ್ಟ ಆಂಟೆನಾಗೂ ಅದು ಸುಮ್ನೆ ಒಳ್ಳೆಯ ಅಂಕ ಕೊಟ್ಟುಬಿಡುತ್ತದೆ.

ನಿಜ ಗೊತ್ತಾಗಿದ್ದು ರಿವರ್ಬರೇಶನ್ ಚೇಂಬರ್‌ನಲ್ಲಿ. ಇದು ಲೋಹದ ಕೋಣೆ. ಒಳಗೆ ದೊಡ್ಡ ಲೋಹದ ಹಲಗೆಗಳು ತಿರುಗುತ್ತವೆ, ಸಿಗ್ನಲ್ ಎಲ್ಲ ದಿಕ್ಕಿನಿಂದಲೂ ಏರಿಳಿಯುತ್ತಾ ಬರುತ್ತದೆ. ಖಾಲಿ ಚೇಂಬರ್‌ನಲ್ಲಿ ಪ್ರತಿಧ್ವನಿ ಜಾಸ್ತಿ ಹೊತ್ತು ಉಳಿಯುತ್ತದೆ. ಪ್ರತಿಧ್ವನಿ ಅಡಗಲೆಂದು ವೈಫೈ ಸಂಕೇತಗಳ ನಡುವೆ ಇರುವ ಬಿಡುವು, ಅಂದರೆ ಗಾರ್ಡ್ ಇಂಟರ್ವಲ್, ಇಲ್ಲಿ ಬರೀ 800 ನ್ಯಾನೋಸೆಕೆಂಡ್. ಅದನ್ನು ದಾಟಿದ ಪ್ರತಿಧ್ವನಿಯ ತಪ್ಪನ್ನು ಆಂಟೆನಾ ಮೇಲೆ ಹಾಕಬಾರದಲ್ಲ? ಅದಕ್ಕೇ ಮೂಲೆಗಳಲ್ಲಿ ಸಿಗ್ನಲ್ ಹೀರುವ ಅಬ್ಸಾರ್ಬರ್ ಇಟ್ಟು, ಪ್ರತಿಧ್ವನಿ ಬೇಗ ಅಡಗುವುದನ್ನು ಖಚಿತ ಮಾಡಿಕೊಂಡೆ. ಬೋರ್ಡನ್ನು ಬ್ಯಾಟರಿಯಲ್ಲೇ ಓಡಿಸಿದೆ. ಕೇಬಲ್ ನೇತಾಡಿದರೆ ಅದೂ ಆಂಟೆನಾದ ಭಾಗವಾಗುತ್ತದೆ.

ಹಲಗೆಗಳ ಒಂದೊಂದು ಸ್ಥಾನದಲ್ಲೂ ಅಳೆದು ಸರಾಸರಿ ತೆಗೆದೆ. ಸರಾಸರಿಯಲ್ಲಿ ಥ್ರೂಪುಟ್ ಗೆರೆ ಕೇಬಲ್‌ನಲ್ಲಿ ಬಿದ್ದಷ್ಟು ಕಡಿದಾಗಿ ಬೀಳುವುದಿಲ್ಲ, ನಿಧಾನ ಇಳಿಯುತ್ತದೆ. ಗ್ರಾಫ್ ಓದುವುದರಲ್ಲೇ ಇರುವುದು ಮಜಾ. ಇಡೀ ಗೆರೆ ಜಾಸ್ತಿ ಸಿಗ್ನಲ್ ಬೇಡುವ ಕಡೆಗೆ ಸರಿದಿದ್ದರೆ ನಾನು ಮೊದಲು ಅನುಮಾನಿಸುವುದು ಎಫಿಶಿಯೆನ್ಸಿಯನ್ನು, ಅಂದರೆ ಆಂಟೆನಾ ಶಕ್ತಿಯನ್ನು ಎಷ್ಟರಮಟ್ಟಿಗೆ ಕಳೆದುಕೊಳ್ಳದೆ ಬಳಸುತ್ತದೆ ಎಂಬುದನ್ನು. ಗೆರೆಯ ಕೆಳತುದಿ ಸರಿಯಿದ್ದು, ಎರಡು ಸ್ಟ್ರೀಮ್ ಓಡಬೇಕಾದ ಮೇಲ್ತುದಿಯಲ್ಲಿ ಮಾತ್ರ ತಡವರಿಸಿದರೆ ಕೋರಿಲೇಶನ್ನನ್ನು.

ನಮ್ಮ ಬೋರ್ಡ್‌ನ ಗೆರೆ ಇಡಿಯಾಗಿ ಸರಿದಿತ್ತು. ಎರಡನೇ ಆಂಟೆನಾ ಬ್ಯಾಟರಿಗೆ ಅಂಟಿಕೊಂಡಂತೆ ಕೂತಿತ್ತು. ಅದನ್ನು ಇನ್ನೊಂದು ಅಂಚಿಗೆ ತಂದು, ಮೊದಲನೆಯದಕ್ಕೆ ಅಡ್ಡವಾಗಿ ತಿರುಗಿಸಿ ಮತ್ತೆ ಅಳೆದೆ. ಗೆರೆ ಬಹುಪಾಲು ಹಿಂದೆ ಬಂತು. ಎಸ್-ಪ್ಯಾರಾಮೀಟರ್‌ನ ಕೋರಿಲೇಶನ್ ಮಾತ್ರ ಮೊದಲಿಗಿಂತ ತುಸು ಕೆಟ್ಟದಾಗಿ ಕಾಣಿಸಿತು!