ಹಲಸಿನ ಹಲಗೆ ಮನೆಗೆ ತರುವ ಮೊದಲು

ಕೇರಳದಲ್ಲಿ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಸಾರಿದ ಮೇಲೆ ಸೊಳೆಗೂ ಹಪ್ಪಳಕ್ಕೂ ಮರ್ಯಾದೆ ಬಂತು. ಮರಕ್ಕೆ ಆ ಯೋಗ ಇನ್ನೂ ಬಂದಂತಿಲ್ಲ. ಮನೆ ಕಟ್ಟುವವರು ಸಾಗುವಾನಿಯನ್ನೇ ಜಪಿಸುತ್ತಾರೆ. ನಮ್ಮ ಕಾಸರಗೋಡಿನ ಬದಿಯಡ್ಕ, ಮಂಜೇಶ್ವರದ ಕಡೆ ತೋಟದ ಅಂಚಿನಲ್ಲೇ ನಿಂತಿರುವ ಹಲಸು ದಾರಂದಕ್ಕೂ (ಬಾಗಿಲಿನ ಚೌಕಟ್ಟಿಗೂ) ಬಾಗಿಲಿಗೂ ಧಾರಾಳ ಸಾಕು. ಮರ ಬಲಿತಿರಬೇಕು, ಚೆನ್ನಾಗಿ ಒಣಗಿರಬೇಕು.

ಮರ ಕೊಳ್ಳುವಾಗ ಕೊಯ್ದ ತುದಿಯನ್ನು ನೋಡಿ. ನಡುವಿನ ಹಳದಿ ತಿರುಳು, ಸುತ್ತ ಮಾಸಲು ಬಿಳಿಯ ಬೊಳುಂಬು. ಗೆದ್ದಲು ತಿರುಳಿಗೆ ಸುಲಭವಾಗಿ ಬಾಯಿ ಹಾಕುವುದಿಲ್ಲ, ಬೊಳುಂಬನ್ನು ಮಾತ್ರ ಬಿಡುವುದಿಲ್ಲ. ಕೊರೆಯುವ ಹುಳಕ್ಕೆ ಬೇಕಾದ ಪಿಷ್ಟ ಇರುವುದೂ ಬೊಳುಂಬಿನಲ್ಲೇ. ಎಳೆಯ ಮರದಲ್ಲಿ ತಿರುಳು ಕಡಿಮೆ. ಅದನ್ನು ಕಡಿದು ದಾರಂದ ಮಾಡಿಸಿ, ಆಮೇಲೆ "ಹಲಸು ಬಾಳಿಕೆ ಬರುವುದಿಲ್ಲ" ಎಂದರೆ ತಪ್ಪು ಮರದ್ದಲ್ಲ. 40 ವರ್ಷ ದಾಟಿದ ಮರ ಸಿಕ್ಕರೆ ಒಳ್ಳೆಯದು.

ದಿಮ್ಮಿಯ ಲೆಕ್ಕ ಸುತ್ತಳತೆಯದ್ದು. ತೊಗಟೆ ತೆಗೆದು ನಡುಭಾಗದ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು, ಅದರ ಕಾಲು ಭಾಗವನ್ನು ಅದೇ ಕಾಲು ಭಾಗದಿಂದ ಗುಣಿಸಿ, ಅಡಿಯಲ್ಲಿರುವ ಉದ್ದದಿಂದ ಗುಣಿಸಿ 144ರಿಂದ ಭಾಗಿಸಿ. ಸುತ್ತಳತೆ 60 ಇಂಚು, ಉದ್ದ 10 ಅಡಿ ಇದ್ದರೆ 15.6 ಕ್ಯೂಬಿಕ್ ಅಡಿ. ಇದರಲ್ಲಿ ಬೊಳುಂಬೂ ಸೇರಿರುತ್ತದೆ ಎಂಬುದನ್ನು ಮರೆತರೆ ಬಾಗಿಲಿಗೆ ಹಲಗೆ ಸಾಲದೆ ಮತ್ತೆ ಮಿಲ್ಲಿಗೆ ಹೋಗಬೇಕಾಗುತ್ತದೆ.

ಕಡಿಯುವುದು ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರ್ ಹೊತ್ತಿಗೆ. ಅಮಾವಾಸ್ಯೆ ನೋಡಿ ಕಡಿಯುವ ಪದ್ಧತಿಯೂ ಉಂಟು. ತಿಥಿ ನೋಡಿದರೂ ಬಿಟ್ಟರೂ ಕಡಿದ ದಿಮ್ಮಿಯನ್ನು ತೊಗಟೆ ಸಮೇತ ಅಂಗಳದಲ್ಲಿ ಉಳಿಸಬೇಡಿ, ತೊಗಟೆಯಡಿಯಿಂದಲೇ ಹುಳ ಹೊಕ್ಕುತ್ತದೆ. ಬೇಗ ಕೊಯ್ಯಿಸಿ. ನಟ್ಟನಡುವಿನ ಬಿಂದು ಸೇರಿದ ಹಲಗೆ ಖಂಡಿತ ಸೀಳುತ್ತದೆ, ಅದನ್ನು ಬೇರೆ ಮಾಡಿ. ಹಸಿ ಹಲಗೆಯಲ್ಲಿ ಬೊಳುಂಬು ಉಳಿದಿದ್ದರೆ 10 ಲೀಟರ್ ನೀರಿಗೆ 300 ಗ್ರಾಂ ಬಿಳಿಗಾರ, 200 ಗ್ರಾಂ ಬೋರಿಕ್ ಹುಡಿ ಕರಗಿಸಿ ಎಲ್ಲ ಬದಿಗೂ ಚೆನ್ನಾಗಿ ಬಳಿಯಿರಿ. ಮರ ಹಸಿ ಇದ್ದಾಗ ಮಾತ್ರ ಇದು ಒಳಗಿಳಿಯುತ್ತದೆ. ಮಳೆಗೆ ತೊಳೆದುಹೋಗುವುದರಿಂದ ಹೊರಗಿನ ಕೆಲಸಕ್ಕೆ ಪ್ರಯೋಜನವಿಲ್ಲ.

ಒಣಗಿಸುವುದರಲ್ಲೇ ಹೆಚ್ಚಿನವರು ಎಡವುವುದು. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಮುರಕಲ್ಲು ಇಟ್ಟು, ಮಾಡಿನಡಿ, ಗಾಳಿ ಆಡುವ ಕಡೆ ಅಟ್ಟಿ ಹಾಕಿ. ಪ್ರತಿ ಸಾಲಿನ ನಡುವೆ ಒಂದಿಂಚಿನ ಪಟ್ಟಿ, ಎರಡೆರಡು ಅಡಿಗೆ ಒಂದರಂತೆ. ಮೇಲಿನ ಪಟ್ಟಿ ಕೆಳಗಿನ ಪಟ್ಟಿಯ ನೇರಕ್ಕೇ ಬರಬೇಕು, ಇಲ್ಲವಾದರೆ ಹಲಗೆ ಅಲೆಯಂತೆ ಬಾಗುತ್ತದೆ. ತುದಿಗಳಿಗೆ ಮೇಣವೋ ಹಳೆಯ ಪೈಂಟೋ ಬಳಿಯಿರಿ. ನೀರು ತುದಿಯಿಂದ ಬೇಗ ಆರಿ ಅಲ್ಲೇ ಬಿರುಕು ಶುರುವಾಗುತ್ತದೆ. ನೇರ ಬಿಸಿಲಿಗೆ ಇಡಲೇಬೇಡಿ. ಒಂದಿಂಚಿನ ಹಲಗೆಗೆ ಡಿಸೆಂಬರಿನಿಂದ ಮೇವರೆಗಿನ ಒಂದು ಬೇಸಿಗೆ ಬೇಕು, ಮೂರಿಂಚಿನ ದಾರಂದದ ಮರಕ್ಕೆ ಎರಡು. ಒಂದು ಹಲಗೆಗೆ ಗುರುತು ಹಾಕಿ 15 ದಿನಕ್ಕೊಮ್ಮೆ ತೂಗಿ. ಬೇಸಿಗೆಯಲ್ಲಿ ಎರಡು ಸಲ ಒಂದೇ ತೂಕ ಬಂದರೆ ಒಣಗಿತೆಂದು ತಿಳಿಯಿರಿ.

ಒಣಗಿದ ಮರವೂ ಜೂನ್ ಬಂದರೆ ಉಬ್ಬುತ್ತದೆ. ಕಾಸರಗೋಡಿನ ಮಳೆಗೆ ಉಬ್ಬದ ಮರ ಯಾವುದು? ಮಾರ್ಚಿನಲ್ಲಿ ಬಿಗಿಯಾಗಿ ಕೂರಿಸಿದ ಬಾಗಿಲು ಆಟಿಯ ಮಳೆಗಾಲದಲ್ಲಿ (ಜುಲೈ-ಆಗಸ್ಟ್) ಹಿಡಿಯುತ್ತದೆ. ಆಗ ಕೀಸುಳಿ ಹಾಕಿ ಅಂಚು ಹೆರೆದರೆ ಜನವರಿಯಲ್ಲಿ ಸಂದು ಬಿಡುತ್ತದೆ. ಬೇಸಿಗೆಯಲ್ಲಿ ಕೂರಿಸುವುದಾದರೆ ಸುತ್ತ 3 ಮಿಲಿಮೀಟರ್ ಎಡೆ ಇಡಿಸಿ. ಬಾಗಿಲಿನ ಚೌಕಟ್ಟಿನ ಗಾಡಿಯೊಳಗೆ (ಕೊರೆದ ಸೀಳಿನೊಳಗೆ) ಕೂರುವ ಹಲಗೆಗೆ ಅಂಟು ಹಾಕಬಾರದು; ಹಿಗ್ಗಿ ಕುಗ್ಗಲು ಜಾಗ ಇಲ್ಲದಿದ್ದರೆ ನಡುವೆ ಸೀಳುತ್ತದೆ.

ದಾರಂದದ ಗೋಡೆಗೆ ತಾಗುವ ಬದಿಗೆ, ಬುಡಕ್ಕೆ ಡಾಮರು ಬಳಿದು ನಿಲ್ಲಿಸಿ. ಬುಡ ಮಣ್ಣಿಗೆ ತಾಗದೆ ಕಲ್ಲಿನ ಮೇಲೆ ಕೂರಲಿ. ಮಾಡಿನ ಪಕ್ಕಾಸಿಗೆ, ಬೇಲಿಯ ಕಂಬಕ್ಕೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆಯಷ್ಟು ಒಳ್ಳೆಯದು ಬೇರಿಲ್ಲ: ಸಮಪಾಲು ಸೀಮೆಎಣ್ಣೆ ಸೇರಿಸಿ ಎರಡು ಸಲ ಬಳಿಯಿರಿ. ಅದು ಮೈಗೆ ತಾಗಿದರೆ ಸುಟ್ಟು ಬೊಕ್ಕೆ ಏಳುತ್ತದೆ. ಕೈಗವಸು ಬೇಕು, ಕೈಗೆ ಮೊದಲೇ ತೆಂಗಿನೆಣ್ಣೆ ಸವರಿಕೊಳ್ಳಿ. ಮಕ್ಕಳ ಕೈ ತಾಗುವ ಕಡೆಗೂ ಅಡುಗೆ ಸಾಮಾನಿಗೂ ಬೇಡ. ತೇವದ ಜಾಗಕ್ಕೆ ಹಿತ್ತಾಳೆ ಸ್ಕ್ರೂ ಹಾಕಿಸಿ, ಕಬ್ಬಿಣದ ಮೊಳೆಯ ಸುತ್ತ ಕಪ್ಪು ಕಲೆ ಹರಡುತ್ತದೆ. ಸದಾ ನೀರಿನ ಒಡನಾಟದ ಕೆಲಸಕ್ಕೆ ಹೆಬ್ಬಲಸು ಮೇಲು. ಆಲಪ್ಪುಳದ ಚುಂಡನ್ ದೋಣಿಗಳನ್ನು (ಪಂದ್ಯದ ಉದ್ದನೆಯ ಹಾವುದೋಣಿಗಳನ್ನು) ಮಾಡುವುದು ಅದರಿಂದಲೇ, ಮಲಯಾಳದಲ್ಲಿ ಅದು ಆಞಿಲಿ.

ಹೊಸ ಹಲಸಿನ ಬಾಗಿಲಿನ ಅರಸಿನ ಬಣ್ಣ ಕಂಡು ಹೆದರಿ ಬಣ್ಣ ಹಚ್ಚಬೇಡಿ. ಗಾಳಿ ಬೆಳಕಿಗೆ ಅದು ತಾನಾಗಿ ಕಂದುಗೆಂಪಾಗುತ್ತದೆ. ಕಾಯಿಸಿದ ಅಗಸೆ ಎಣ್ಣೆಗೆ ಸಮಪಾಲು ಟರ್ಪೆಂಟೈನ್ ಸೇರಿಸಿ ತೆಳ್ಳಗೆ ಒಂದು ಕೈ, ಎರಡು ದಿನ ಬಿಟ್ಟು ಬರೀ ಎಣ್ಣೆಯ ಇನ್ನೊಂದು ಕೈ ಸಾಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗೇ ಕಾವು ಏರಿ ಬೆಂಕಿ ಹಿಡಿಯಬಹುದು, ಹಗ್ಗದ ಮೇಲೆ ಬಿಡಿಸಿ ಒಣಹಾಕಿ. ಮಣೆ, ಸಟ್ಟುಗಕ್ಕೆ ವಾರ್ನಿಷ್ ಬೇಡ, ತೆಂಗಿನೆಣ್ಣೆ ಸವರಿ ಒರೆಸಿದರಾಯಿತು.

ಆಚಾರಿ ಕೆಲಸ ಮಾಡಿದಲ್ಲಿ ಬಿದ್ದ ಹಳದಿ ಚಕ್ಕೆಯನ್ನು ಒಲೆಗೆ ಹಾಕುವ ಮೊದಲು ಒಂದು ಹಿಡಿ ಎತ್ತಿಡಿ. ನೀರಿನಲ್ಲಿ ಕುದಿಸಿ ಸೋಸಿ, ಚಿಟಿಕೆ ಪಟಿಕ ಹಾಕಿ, ಹತ್ತಿಬಟ್ಟೆ ಮುಳುಗಿಸಿದರೆ ಒಳ್ಳೆಯ ಹಳದಿ ಹಿಡಿಯುತ್ತದೆ. ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕೊಡುತ್ತಿದ್ದುದೂ ಇದೇ ಚಕ್ಕೆ.